ಕಾರ್ಪೆಂಟರ್ಸ್ ಕೊನೆಯ ಆಲ್ಬಂಗಳ ಜಗಳ: ಬಿಡುಗಡೆಯಾದ ವರ್ಷ ಬಿಡಿ, ಹಾಡಿದ ವರ್ಷ ಹಿಡಿಯಿರಿ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಾವು ನಾಲ್ಕು ಜನ ಸ್ನೇಹಿತರು ಭಾನುವಾರ ಸಂಜೆ ಸೇರಿ ಹಳೆಯ ಇಂಗ್ಲಿಷ್ ಹಾಡು ಕೇಳುತ್ತೇವೆ. ಅಮೆರಿಕದ ಅಣ್ಣ ರಿಚರ್ಡ್, ತಂಗಿ ಕ್ಯಾರನ್ ಜೋಡಿಯ ಕಾರ್ಪೆಂಟರ್ಸ್ ಎಂದರೆ ಎಲ್ಲರಿಗೂ ಪ್ರಾಣ. ಆದರೆ ಅವರ ಕೊನೆಯ ಆಲ್ಬಂಗಳ ವಿಷಯ ಬಂದರೆ ಕಾಫಿ ತಣ್ಣಗಾಗುವವರೆಗೆ ಜಗಳ. ಒಬ್ಬರು ‘ಮೇಡ್ ಇನ್ ಅಮೆರಿಕ’ವೇ ಕೊನೆಯ ನಿಜವಾದ ಆಲ್ಬಂ, ಮಿಕ್ಕಿದ್ದೆಲ್ಲ ಉಳಿದ ಚೂರುಪಾರು ಎನ್ನುತ್ತಾರೆ. ಇನ್ನೊಬ್ಬರಿಗೆ ‘ವಾಯ್ಸ್ ಆಫ್ ದ ಹಾರ್ಟ್’ ದೊಡ್ಡದು. ಮೂರನೆಯವರ ಹತ್ತಿರ ‘ಲವ್‌ಲೈನ್ಸ್’ ಕ್ಯಾಸೆಟ್ ಇದೆ. ಅದರಲ್ಲಿ ಕ್ಯಾರನ್ ದನಿ ಮೊದಲಿಗಿಂತ ಆಳವಾಗಿದೆ, ಕೊನೆಕೊನೆಗೆ ಮಾಗಿತ್ತು ಅಂತ ಅವರ ವಾದ. ನಾನು ಫೋನಿನಲ್ಲಿ ಕೇಳುವವನು, ನನಗೆ ಹಾಗನ್ನಿಸುವುದಿಲ್ಲ. 1996ರಲ್ಲಿ ಬಂದ ಕ್ಯಾರನ್ ಒಬ್ಬಳ ಸೋಲೋ ಆಲ್ಬಂ ಅನ್ನು ಎಲ್ಲಿಟ್ಟು ನೋಡಬೇಕು? ಇವನ್ನೆಲ್ಲ ನ್ಯಾಯವಾಗಿ ಹೋಲಿಸುವುದು ಹೇಗೆ?

ಉತ್ತರ: ಮೊದಲು ಮೂರನೆಯ ಸ್ನೇಹಿತರ ವಾದವನ್ನೇ ತೆಗೆದುಕೊಳ್ಳೋಣ. ನಿಮ್ಮ ಜಗಳದ ಗಂಟು ಇರುವುದು ಅಲ್ಲೇ. ‘ಲವ್‌ಲೈನ್ಸ್’ ಅಂಗಡಿಗೆ ಬಂದದ್ದು 1989ರ ಅಕ್ಟೋಬರಿನಲ್ಲಿ. ಕ್ಯಾರನ್ ಕಾರ್ಪೆಂಟರ್ ತೀರಿಕೊಂಡದ್ದು 1983ರ ಫೆಬ್ರವರಿ 4ರಂದು, 32ನೇ ವಯಸ್ಸಿನಲ್ಲಿ. ಹಾಗಾದರೆ ಆ ಆಲ್ಬಂನ ಹಾಡುಗಳನ್ನು ಆಕೆ ಹಾಡಿದ್ದು ಯಾವಾಗ? 1977ರಿಂದ 1980ರ ನಡುವೆ. ಅಂದರೆ 1981ರಲ್ಲಿ ಬಂದ ‘ಮೇಡ್ ಇನ್ ಅಮೆರಿಕ’ದ ಹೆಚ್ಚಿನ ಹಾಡುಗಳಿಗಿಂತ ‘ಲವ್‌ಲೈನ್ಸ್’ ಹಾಡುಗಳೇ ಹಳೆಯವು. ಎಂಟು ವರ್ಷ ತಡವಾಗಿ ಬಂದರೂ ವಯಸ್ಸಿನಲ್ಲಿ ಅದು ಅಕ್ಕ, ತಂಗಿಯಲ್ಲ. ದನಿ ಕೊನೆಗೆ ಮಾಗಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ‘ಲವ್‌ಲೈನ್ಸ್’ ಸಾಕ್ಷಿ ಹೇಳಲಾರದು.

ಸಾಕ್ಷಿ ಬೇಕಿದ್ದರೆ 1983ರಲ್ಲಿ ಬಂದ ‘ವಾಯ್ಸ್ ಆಫ್ ದ ಹಾರ್ಟ್’ ತೆಗೆಯಬೇಕು, ಅದರಲ್ಲೂ ಎರಡೇ ಹಾಡು: ‘ನೌ’ ಮತ್ತು ‘ಯು ಆರ್ ಇನಫ್’. ಇವು 1982ರ ಏಪ್ರಿಲ್‌ನ ಧ್ವನಿಮುದ್ರಣಗಳು, ಕ್ಯಾರನ್ ಸ್ಟುಡಿಯೋಗೆ ಬಂದ ಕೊನೆಯ ಸಲದವು. ಅದೇ ಆಲ್ಬಂನಲ್ಲಿರುವ ‘ಆರ್ಡಿನರಿ ಫೂಲ್’ 1976ರದು. ‘ಲುಕ್ ಟು ಯುವರ್ ಡ್ರೀಮ್ಸ್’ 1978ರದು. ‘ಟು ಲೈವ್ಸ್’, ‘ಅಟ್ ದಿ ಎಂಡ್ ಆಫ್ ಎ ಸಾಂಗ್’, ‘ಪ್ರೈಮ್ ಟೈಮ್ ಲವ್’ ಇವೆಲ್ಲ ‘ಮೇಡ್ ಇನ್ ಅಮೆರಿಕ’ಕ್ಕೆಂದು 1980–81ರಲ್ಲಿ ಹಾಡಿ, ಅಲ್ಲಿ ಜಾಗ ಸಿಗದೆ ಪಕ್ಕಕ್ಕಿಟ್ಟವು. ಹತ್ತು ಹಾಡಿನ ಒಂದೇ ಆಲ್ಬಂ ಒಳಗೆ ಆರು ವರ್ಷದ ಅಂತರ. ಅದನ್ನು ‘1983ರ ದನಿ’ ಎಂದು ಒಂದೇ ಮಾತಿನಲ್ಲಿ ತೂಗಿದರೆ ತಕ್ಕಡಿಯೇ ತಪ್ಪು.

ನಿಮ್ಮ ಸ್ನೇಹಿತರಿಗೆ ದನಿ ಆಳವಾಗಿ ಕೇಳಿಸುವುದು ಸುಳ್ಳಲ್ಲ. ಅದಕ್ಕೆ ಕಾರಣ ಕ್ಯಾರನ್ ಗಂಟಲಲ್ಲ, ಸ್ನೇಹಿತರ ಟೇಪ್ ರೆಕಾರ್ಡರಿನ ಬೆಲ್ಟ್ ಇರಬಹುದು! ಅದಕ್ಕೆ ಆಮೇಲೆ ಬರುತ್ತೇನೆ.

ಈಗ ‘ವರ್ಕ್ ಲೀಡ್’ ಎಂಬ ಮಾತು. ಕಾರ್ಪೆಂಟರ್ಸ್ ಕೊನೆಯ ಆಲ್ಬಂಗಳ ಚರ್ಚೆಯಲ್ಲಿ ಇದು ಅರ್ಥವಾಗದಿದ್ದರೆ ಏನೂ ಅರ್ಥವಾಗುವುದಿಲ್ಲ. ನಮ್ಮ ಸಿನಿಮಾ ಹಾಡುಗಳ ಸ್ಟುಡಿಯೋದಲ್ಲಿ ‘ಟ್ರ್ಯಾಕ್ ಹಾಡುವುದು’ ಅಂತಾರಲ್ಲ, ಹೆಚ್ಚುಕಡಿಮೆ ಅದೇ. ವಾದ್ಯದವರು ಡ್ರಮ್ಸ್, ಬಾಸ್, ಪಿಯಾನೊ ನುಡಿಸುವಾಗ ಹಾಡು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲಿ ಅಂತ ಗಾಯಕಿ ಜೊತೆಯಲ್ಲೇ ಒಮ್ಮೆ ಹಾಡಿಬಿಡುತ್ತಾಳೆ. ನಮ್ಮಲ್ಲಿ ಟ್ರ್ಯಾಕ್ ಹಾಡುವವರು ಬೇರೆ, ಕೊನೆಗೆ ಹಾಡುವವರು ಬೇರೆ ಇರಬಹುದು. ಇಲ್ಲಿ ಎರಡೂ ಕ್ಯಾರನ್ನೇ. ವಾದ್ಯಗಳ ಕೆಲಸ ಮುಗಿದ ಮೇಲೆ ಆಕೆ ಮತ್ತೆ ಬಂದು, ನಿಧಾನವಾಗಿ, ಬೇಕಾದ ಸಾಲನ್ನು ಎರಡು ಮೂರು ಸಲ ಹಾಡಿ ಪಕ್ಕಾ ಮಾಡುವುದು ಪದ್ಧತಿ. ಆ ಎರಡನೆಯ ಸಲ ಬರುವ ಮೊದಲೇ ಆಕೆ ಹೋದರೆ? ಆಗ ಉಳಿಯುವುದು ವರ್ಕ್ ಲೀಡ್. ‘ನೌ’ ಹಾಗೆ ಉಳಿದದ್ದು, ಒಂದೇ ಟೇಕ್.

ಇದನ್ನು ಕೇಳಿದ ಕೂಡಲೇ ‘ಅಯ್ಯೋ, ಹಾಗಾದರೆ ಅದು ಕಚ್ಚಾ ಮಾಲು’ ಎನ್ನುವವರಿದ್ದಾರೆ. ನಿಮ್ಮ ಮೊದಲ ಸ್ನೇಹಿತರ ‘ಚೂರುಪಾರು’ ವಾದವೂ ಅಲ್ಲಿಂದಲೇ ಹುಟ್ಟಿದ್ದು. ಅದಕ್ಕೆ ಉತ್ತರ 1971ರ ‘ಸೂಪರ್‌ಸ್ಟಾರ್’. ಜಗತ್ತೇ ತಲೆದೂಗಿದ ಆ ಹಾಡಿನಲ್ಲಿ ನಾವು ಕೇಳುವುದೂ ವರ್ಕ್ ಲೀಡ್. ರಿಚರ್ಡ್ ಗೀಚಿ ಕೊಟ್ಟ ಕಾಗದದಿಂದ ಓದಿಕೊಂಡು ಕ್ಯಾರನ್ ಹಾಡಿದ ಮೊದಲ ಟೇಕ್ ಅದು. ಆಮೇಲೆ ಅದನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಹಾಗಾಗಿ ವರ್ಕ್ ಲೀಡ್ ಎಂಬುದು ಕಡಿಮೆ ದರ್ಜೆಯ ಗುರುತಲ್ಲ. ಕೆಲವೊಮ್ಮೆ ತದ್ವಿರುದ್ಧ: ಸಾಲುಗಳನ್ನು ತಿದ್ದಿ ತೀಡದ ದನಿಯಲ್ಲಿ ಉಸಿರು ಎಲ್ಲಿ ಬೇಕೋ ಅಲ್ಲೇ ಬೀಳುತ್ತದೆ. ‘ನೌ’ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ. ಸಾಲಿನ ಕೊನೆಯ ಪದವನ್ನು ಆಕೆ ಎಳೆದು ಮೆರೆಸುವುದಿಲ್ಲ, ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟ ಹಾಗೆ ಮೆಲ್ಲಗೆ ಇಟ್ಟುಬಿಡುತ್ತಾಳೆ. ಅದೇ ಹೊತ್ತಿಗೆ ‘ಮೇಡ್ ಇನ್ ಅಮೆರಿಕ’ದಿಂದ ಯಾವುದಾದರೂ ನಿಧಾನದ ಹಾಡು ಹಾಕಿ. ಅಲ್ಲಿ ಪ್ರತಿ ಪದದ ಅಂಚನ್ನೂ ಉಜ್ಜಿ ನುಣುಪು ಮಾಡಿದ್ದಾರೆ. ಎರಡೂ ಒಂದೇ ಗಂಟಲು, ಹೆಚ್ಚಿನ ಹಾಡುಗಳಿಗೆ ಒಂದೆರಡು ವರ್ಷದ ಅಂತರ. ಬದಲಾದದ್ದು ವಿಧಾನ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. 1982ರಲ್ಲಿ ಕ್ಯಾರನ್ ಅನೊರೆಕ್ಸಿಯಾ ಎಂಬ, ಊಟ ಬಿಟ್ಟು ಮೈ ಕರಗಿಸುವ ಕಾಯಿಲೆಗೆ ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಳು; ನಡುವೆ ಬಂದು ಹಾಡಿ ಹೋದಳು. ಇದು ಗೊತ್ತಿದ್ದು ಕೇಳುವವರಿಗೆ ‘ನೌ’ ಹಾಡಿನ ಪ್ರತಿ ಉಸಿರಲ್ಲೂ ಸಾವು ಕೇಳಿಸುತ್ತದೆ. ಗೊತ್ತಿಲ್ಲದವರಿಗೆ ಅದೇ ಹಾಡನ್ನು ಹಾಕಿ ವರ್ಷ ಊಹಿಸಿ ಎಂದು ನೋಡಿ. ಉತ್ತರ ಬೇರೆಯೇ ಬರುತ್ತದೆ. ಶ್ರುತಿ ಸೇರುವುದರಲ್ಲಿ, ಸ್ವರ ನಿಲ್ಲಿಸುವುದರಲ್ಲಿ ಕೊರತೆ ಎಲ್ಲೂ ಇಲ್ಲ. ದನಿ ಕೇಳಿ ಕಾಯಿಲೆ ಹೇಳುವ ಪಾಂಡಿತ್ಯವನ್ನು ಭಾನುವಾರದ ಸಭೆಯಿಂದ ಹೊರಗಿಡಿ.

ಇನ್ನು ದನಿಯ ಸುತ್ತ ಇರುವುದರ ಕಥೆ. ಕಾರ್ಪೆಂಟರ್ಸ್ ಎಂದರೆ ನಮಗೆ ನೆನಪಾಗುವ ಆ ದಟ್ಟ ಹಿನ್ನೆಲೆ ಗಾಯನ ದೊಡ್ಡ ವೃಂದದ್ದಲ್ಲ, ಅಣ್ಣ-ತಂಗಿ ಇಬ್ಬರದೇ. ನಾಲ್ಕು ಎಳೆಯ ಸ್ವರಮೇಳ, ಪ್ರತಿ ಎಳೆಯನ್ನು ಮೂರು ಮೂರು ಸಲ ಹಾಡಿ ಒಂದರ ಮೇಲೊಂದು ಕೂಡಿಸುವುದು, ಒಟ್ಟು ಹನ್ನೆರಡು ದನಿ. ಎಲ್ಲ ದನಿಯೂ ಒಂದೇ ಮನೆಯದಾದ್ದರಿಂದ ಅದು ಹಾಲಿಗೆ ಸಕ್ಕರೆ ಕರಗಿದ ಹಾಗೆ ಕರಗುತ್ತಿತ್ತು. ಈ ಕೆಲಸ ನಡೆಯುವುದು ಮುಖ್ಯ ದನಿಯ ನಂತರ. ಕ್ಯಾರನ್ ಹೋದ ಮೇಲೆ ರಿಚರ್ಡ್ ಹತ್ತಿರ ಮುಖ್ಯ ದನಿ ಇತ್ತು, ತಂಗಿಯ ಹಿನ್ನೆಲೆ ದನಿ ಅನೇಕ ಹಾಡುಗಳಲ್ಲಿ ಇರಲಿಲ್ಲ. ಹಾಗಾಗಿ ‘ವಾಯ್ಸ್ ಆಫ್ ದ ಹಾರ್ಟ್’ನ ಕೆಲವು ಹಾಡುಗಳಲ್ಲಿ ಓ.ಕೆ. ಕೊರೇಲ್ ಎಂಬ ವೃಂದವನ್ನು ಕರೆಸಿ ಹಾಡಿಸಿದ. ನಿಮ್ಮಲ್ಲಿ ಯಾರಿಗಾದರೂ ಆ ಆಲ್ಬಂ ‘ಚೆನ್ನಾಗಿದೆ, ಆದರೆ ಏನೋ ಬೇರೆ’ ಅನ್ನಿಸಿದ್ದರೆ ಆ ‘ಏನೋ’ ಇದೇ. ವೃಂದದವರು ಅಚ್ಚುಕಟ್ಟಾಗಿ ಹಾಡಿದ್ದಾರೆ, ತಪ್ಪಿಲ್ಲ. ಆದರೆ ಅವರು ಅತಿಥಿಗಳು, ಮನೆಯವರಲ್ಲ.

ಇಲ್ಲಿ ಒಂದು ಸಮಾಧಾನವೂ ಇದೆ. 2022ರ ಮಾರ್ಚ್‌ನಲ್ಲಿ ‘ಜೇಮ್ಸ್’ ಮೊದಲು ತೆರೆಗೆ ಬಂದಾಗ ಪುನೀತ್ ಪಾತ್ರಕ್ಕೆ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು, ಆಮೇಲೆ ತಂತ್ರಜ್ಞಾನದ ನೆರವಿನಿಂದ ಪುನೀತ್ ದನಿಯೇ ಇರುವ ಪ್ರತಿ ಬಂತು. ಎರಡನ್ನೂ ನೋಡಿದವರಿಗೆ ದನಿ ಬದಲಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕ್ಯಾರನ್ ವಿಷಯದಲ್ಲಿ ಆ ಗೊಂದಲವಿಲ್ಲ. ಈ ಆಲ್ಬಂಗಳಲ್ಲಿ ಕೇಳುವ ಮುಖ್ಯ ದನಿಯ ಪ್ರತಿ ಅಕ್ಷರವನ್ನೂ ಆಕೆಯೇ ಮೈಕ್ ಮುಂದೆ ನಿಂತು ಹಾಡಿದ್ದು. ಬದಲಾಗುವುದು ಹಿಂದಿನ ಪರದೆ.

ಪರದೆ ಎಷ್ಟು ಬದಲಾಗಬಹುದು ಎಂದು ನೋಡಲು ಒಂದು ಒಳ್ಳೆಯ ಪರೀಕ್ಷೆ ಇದೆ. ‘ಟಚ್ ಮಿ ವೆನ್ ವಿ ಆರ್ ಡ್ಯಾನ್ಸಿಂಗ್’ ಹಾಡನ್ನು 1981ರ ಆಲ್ಬಂನಿಂದ ಕೇಳಿ. ಅಮೆರಿಕದ ಪಟ್ಟಿಯಲ್ಲಿ 16ನೇ ಸ್ಥಾನ ತಲುಪಿದ, ಅವರ ಕೊನೆಯ ದೊಡ್ಡ ಯಶಸ್ಸು ಅದು. ಅದೇ ಹಾಡು 2018ರಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆಗಿನ ಆಲ್ಬಂನಲ್ಲೂ ಇದೆ. ರಿಚರ್ಡ್ ಸ್ವತಃ ನಿಂತು ಆರ್ಕೆಸ್ಟ್ರಾ ನಡೆಸಿದ್ದು. ಕ್ಯಾರನ್ ಹಾಡಿದ್ದು ಎರಡರಲ್ಲೂ ಒಂದೇ ಟೇಪಿನಿಂದ. ಬೆನ್ನುಬೆನ್ನಿಗೆ ಕೇಳಿದರೆ ದನಿಯೇ ಬೇರೆ ಅನ್ನಿಸುತ್ತದೆ. ಅದು ನಿಮ್ಮ ಕಿವಿಗೆ ಒಂದು ಪಾಠ: ಸುತ್ತಲಿನ ಪಿಟೀಲು, ಪ್ರತಿಧ್ವನಿ ಬದಲಾದರೆ ಸಾಕು, ಗಾಯಕಿ ಬದಲಾದಳು ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ನಿಮ್ಮ ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಇದನ್ನೇ ಹಾಕಿ. ವಾದದ ಬಿಸಿ ಅರ್ಧ ಇಳಿಯುತ್ತದೆ.

ಸೋಲೋ ಆಲ್ಬಂ ಎಲ್ಲಿಡಬೇಕು ಎಂದು ಕೇಳಿದ್ದೀರಿ. 1996 ಎಂಬ ಇಸವಿಯನ್ನು ಮರೆತು 1979–80ರ ಜಾಗದಲ್ಲಿಡಿ, ಅಂದರೆ ‘ಮೇಡ್ ಇನ್ ಅಮೆರಿಕ’ದ ಹಿಂದೆ. 1979ರ ಆರಂಭದಲ್ಲಿ ರಿಚರ್ಡ್ ನಿದ್ರೆಮಾತ್ರೆಯ ಚಟ ಬಿಡಿಸಿಕೊಳ್ಳಲು ಚಿಕಿತ್ಸೆಗೆ ಸೇರಿದ, ಜೋಡಿಯ ಕೆಲಸ ನಿಂತಿತು. ಆ ಬಿಡುವಿನಲ್ಲಿ ಕ್ಯಾರನ್ ನ್ಯೂಯಾರ್ಕಿಗೆ ಹೋಗಿ ಫಿಲ್ ರಾಮೋನ್ ಎಂಬ ನಿರ್ಮಾಪಕನ ಜೊತೆ ಹಾಡಿದಳು. ಗಾಯಕ ಬಿಲ್ಲಿ ಜೋಯಲ್‌ನ ಆಲ್ಬಂಗಳನ್ನು ಮಾಡಿದ್ದವನು ಈತ. ವಾದ್ಯಕ್ಕೂ ಬಿಲ್ಲಿ ಜೋಯಲ್ ತಂಡದವರೇ ಬಂದರು. ರಾಡ್ ಟೆಂಪರ್ಟನ್ ಎಂಬ ಗೀತರಚನೆಕಾರ ಹಾಡು ಕೊಟ್ಟ. 1980ರಲ್ಲಿ ಅವರ ರೆಕಾರ್ಡ್ ಕಂಪನಿ ಎ ಆ್ಯಂಡ್ ಎಂಗೂ ರಿಚರ್ಡ್‌ಗೂ ಅದು ಹಿಡಿಸದೆ ಕಪಾಟು ಸೇರಿತು. ಹೊರಬರುವ ಹೊತ್ತಿಗೆ ಕ್ಯಾರನ್ ಹೋಗಿ ಹದಿಮೂರು ವರ್ಷ ಕಳೆದಿತ್ತು.

ಇಲ್ಲಿ ಹೋಲಿಸುವವರು ಎಡವುವ ಜಾಗ ಒಂದಿದೆ. ‘ಲವ್‌ಲೈನ್ಸ್’ ಆಲ್ಬಂನ ಹನ್ನೆರಡು ಹಾಡಿನಲ್ಲಿ ನಾಲ್ಕು ಈ ಸೋಲೋ ಕೆಲಸದವೇ: ‘ಲವ್‌ಲೈನ್ಸ್’, ‘ಇಫ್ ವಿ ಟ್ರೈ’, ‘ರಿಮೆಂಬರ್ ವೆನ್ ಲವಿನ್ ಟುಕ್ ಆಲ್ ನೈಟ್’ ಮತ್ತು ‘ಇಫ್ ಐ ಹ್ಯಾಡ್ ಯು’. 1989ರಲ್ಲಿ ರಿಚರ್ಡ್ ಇವನ್ನು ತಾನೇ ಮತ್ತೆ ಮಿಕ್ಸ್ ಮಾಡಿದ, ಅಂದರೆ ದನಿ, ವಾದ್ಯಗಳ ಪ್ರಮಾಣ ಹೊಂದಿಸಿ ಹೊಸದಾಗಿ ಕೂಡಿಸಿದ. 1996ರ ಸಿ.ಡಿ.ಯಲ್ಲಿರುವುದು ರಾಮೋನ್ ಕಡೆಯ ಮಿಕ್ಸ್. ಹಾಗಾಗಿ ‘ಲವ್‌ಲೈನ್ಸ್’ ಒಳ್ಳೆಯ ಆಲ್ಬಂ ಎಂದು ಹೊಗಳುವಾಗ ಮೂರನೇ ಒಂದು ಪಾಲು ಹೊಗಳಿಕೆ ಬೇರೆ ನಿರ್ಮಾಪಕನಿಗೆ, ಬೇರೆ ಊರಿಗೆ, ಬೇರೆ ತಂಡಕ್ಕೆ ಸೇರಬೇಕು. ‘ಇಫ್ ಐ ಹ್ಯಾಡ್ ಯು’ ಹಾಡಿನ ಎರಡೂ ಮಿಕ್ಸ್‌ಗಳನ್ನು ತೆಗೆದುಕೊಂಡು ಮೂರು ಸಲ ಕೇಳಿ: ಒಮ್ಮೆ ಡ್ರಮ್ಸ್ ಮಾತ್ರ ಗಮನಿಸಿ, ಒಮ್ಮೆ ಹಿನ್ನೆಲೆ ದನಿಗಳು ಎಷ್ಟು ಮುಂದೆ ಬರುತ್ತವೆ ಎಂದು, ಮೂರನೆಯ ಸಲ ಹಾಡು ಹೇಗೆ ಮುಗಿಯುತ್ತದೆ ಎಂದು. ದನಿ ಹೇಗಿದೆ ಎಂಬ ಮಾತು ಅದಾದ ಮೇಲೆ.

ಇದಕ್ಕಿಂತ ರುಚಿಯಾದ ಜೋಡಿ ‘ಮೇಕ್ ಬಿಲೀವ್ ಇಟ್ಸ್ ಯುವರ್ ಫಸ್ಟ್ ಟೈಮ್’. ಸೋಲೋ ಆಲ್ಬಂಗೆ ಒಮ್ಮೆ ಹಾಡಿದಳು. ಆಮೇಲೆ ರಿಚರ್ಡ್ ಜೊತೆ ಮತ್ತೆ ಹಾಡಿದ್ದು ‘ವಾಯ್ಸ್ ಆಫ್ ದ ಹಾರ್ಟ್’ನಲ್ಲಿದೆ. ಇಲ್ಲಿ ಮಿಕ್ಸ್ ಮಾತ್ರ ಬೇರೆಯಲ್ಲ, ಗಾಯನವೇ ಬೇರೆ. ಸೋಲೋ ಪ್ರತಿಯಲ್ಲಿ ಸುತ್ತ ಬಹುತೇಕ ಏನೂ ಇಲ್ಲ. ಹಾಡು ಚಿಕ್ಕದು, ಹತ್ತಿರ ಕೂತು ಹೇಳಿದ ಮಾತಿನಂತಿದೆ. 1983ರ ಪ್ರತಿಯಲ್ಲಿ ತಂತಿವಾದ್ಯ, ವೃಂದಗಾನ ಸೇರಿ ಹಾಡು ದಿಬ್ಬಣದಂತೆ ಹೊರಡುತ್ತದೆ. ಹಾಡಿನ ಪದಗಳಿಗೆ ಮೊದಲನೆಯದೇ ಸರಿ ಅನ್ನುವುದು ನನ್ನ ಪಕ್ಷ. ಪಿಸುಮಾತಿಗೆ ಓಲಗ ಯಾಕೆ? ಆದರೆ ಮಂದ್ರದ ಸ್ವರಗಳಲ್ಲಿ ಕ್ಯಾರನ್ ಊರಿ ನಿಲ್ಲುವುದು ಎರಡನೆಯದರಲ್ಲೇ ಹೆಚ್ಚು ಖುಷಿ ಕೊಡುತ್ತದೆ. ಸೋಲೋ ಆಲ್ಬಂನ ಒಟ್ಟಾರೆ ಕೊರತೆ ಅದೇ: ರಾಮೋನ್ ಆಕೆಯನ್ನು ಮೇಲಿನ ಸ್ಥಾಯಿಯಲ್ಲಿ ಹಗುರವಾಗಿ ಹಾಡಿಸಿದ್ದಾನೆ. ಕ್ಯಾರನ್ ಸಂಪತ್ತು ಇದ್ದದ್ದು ನೆಲಮಾಳಿಗೆಯಲ್ಲಿ, ಆತ ಮಾಳಿಗೆಯಲ್ಲಿ ಹುಡುಕಿದ. ಆ ಸಿ.ಡಿ.ಯ ಕೊನೆಯಲ್ಲಿ ಹನ್ನೆರಡನೆಯದಾಗಿ ಸೇರಿಸಿದ ‘ಲಾಸ್ಟ್ ಒನ್ ಸಿಂಗಿನ್ ದ ಬ್ಲೂಸ್’ ಮಿಕ್ಸ್ ಆಗದೆ ಉಳಿದದ್ದು. ಅದನ್ನು ಪೂರ್ತಿಯಾದ ಹಾಡುಗಳ ಪಕ್ಕ ನಿಲ್ಲಿಸಿ ಅಂಕ ಕೊಡಬೇಡಿ.

ಈಗ ಕ್ಯಾಸೆಟ್ ಮತ್ತು ಬೆಲ್ಟ್. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಹಳೆಯ ಡೆಕ್‌ನ ರಬ್ಬರ್ ಬೆಲ್ಟ್ ಸಡಿಲವಾದರೆ ಟೇಪ್ ನಿಧಾನವಾಗುತ್ತದೆ. ನೂರಕ್ಕೆ ಮೂರು ಭಾಗ ನಿಧಾನವಾದರೆ ಸಾಕು, ಹಾಡು ಸುಮಾರು ಅರ್ಧ ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ. ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವ ದೂರದಲ್ಲಿ ಅರ್ಧ. ಅಷ್ಟು ಇಳಿದರೆ ಹಾಡು ಅಪಸ್ವರ ಅನ್ನಿಸುವುದಿಲ್ಲ, ಏಕೆಂದರೆ ವಾದ್ಯಗಳೂ ಜೊತೆಗೇ ಇಳಿದಿರುತ್ತವೆ. ದನಿ ಮಾತ್ರ ತುಂಬಿಕೊಂಡಂತೆ, ದುಃಖ ಹೆಚ್ಚಾದಂತೆ ಕೇಳುತ್ತದೆ. ‘ಮಾಗಿದ ದನಿ’ಯ ಗುಟ್ಟು ಬಹುಶಃ ಇದೇ.

ಪರೀಕ್ಷೆ ಸುಲಭ. ಅದೇ ಹಾಡನ್ನು ಕ್ಯಾಸೆಟ್‌ನಲ್ಲೂ ಸಿ.ಡಿ.ಯಲ್ಲೂ ಹಾಕಿ, ಮೊದಲ ಸ್ವರದಿಂದ ಯಾವುದಾದರೂ ಗೊತ್ತಾದ ಒಂದು ಪದದವರೆಗೆ ಮೊಬೈಲ್ ಗಡಿಯಾರದಲ್ಲಿ ಅಳೆಯಿರಿ. ಸಿ.ಡಿ.ಯಲ್ಲಿ 180 ಸೆಕೆಂಡ್ ಬಂದು ಕ್ಯಾಸೆಟ್‌ನಲ್ಲಿ 185–186 ಬಂದರೆ ಮೂರು ಭಾಗ ನಿಧಾನ. ವೀಣೆಗೋ ಗಿಟಾರಿಗೋ ಬಳಸುವ ಟ್ಯೂನರ್ ಆ್ಯಪ್ ಇದ್ದರೆ ಪಿಯಾನೊದ ಒಂದು ನಿಂತ ಸ್ವರದ ಮೇಲೆ ಹಿಡಿದೂ ನೋಡಬಹುದು. ನಿಧಾನ ಎಂದು ಖಚಿತವಾದರೆ ಮೊದಲು ಬೆಲ್ಟ್ ಬದಲಿಸಿ. ಅನೇಕ ಡೆಕ್‌ಗಳಲ್ಲಿ ಮೋಟರಿನ ಹಿಂಬದಿಯ ಸಣ್ಣ ತೂತಿನೊಳಗೆ ವೇಗದ ತಿರುಪು ಇರುತ್ತದೆ, ಆದರೆ ಹಳೆಯ ಬೆಲ್ಟ್ ಇಟ್ಟುಕೊಂಡು ಅದನ್ನು ತಿರುಗಿಸಿದರೆ ವಾರಕ್ಕೊಂದು ವೇಗ ಆಗುತ್ತದೆ.

ಇನ್ನೆರಡು ಕಾರಣಗಳೂ ದನಿಯನ್ನು ಕೆಡಿಸುತ್ತವೆ. ಡಾಲ್ಬಿ ಬಿ (ಟೇಪಿನ ‘ಹಿಸ್’ ಸದ್ದು ತಗ್ಗಿಸುವ ಏರ್ಪಾಡು) ಇಲ್ಲದೆ ಮುದ್ರಿಸಿದ ಕ್ಯಾಸೆಟ್‌ಗೆ ಡೆಕ್‌ನಲ್ಲಿ ಡಾಲ್ಬಿ ಗುಂಡಿ ಒತ್ತಿದರೆ ಮೇಲಿನ ನಾದ ಸೋರಿ ದನಿ ಕಂಬಳಿ ಹೊದ್ದಂತಾಗುತ್ತದೆ. ಹೊದಿಕೆಯ ಕಾಗದದ ಮೇಲೆ ಡಾಲ್ಬಿಯ ಜೋಡಿ ಡಿ ಗುರುತು ಇದ್ದರೆ ಮಾತ್ರ ಒತ್ತಿ. ಟೇಪ್ ಓದುವ ಹೆಡ್ ಒಂದು ಕೂದಲೆಳೆ ವಾಲಿದ್ದರೂ ಅದೇ ಮಂಕು ಬರುತ್ತದೆ. ಹೆಡ್ ಒರೆಸಲು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಕಡ್ಡಿ ಸಾಕು. ರಬ್ಬರಿನ ರೋಲರಿಗೆ ಆಲ್ಕೊಹಾಲ್ ಬೇಡ, ಒಣಗಿ ಬಿರಿಯುತ್ತದೆ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿದ ಬೀರುವಿನಲ್ಲಿಟ್ಟ ಕ್ಯಾಸೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಅದು ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ ಆದರೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಒಮ್ಮೆ ಸುತ್ತಿಸಿ ಆಮೇಲೆ ಕೇಳಿ.

ಹೋಲಿಕೆಯ ಕ್ರಮಕ್ಕೆ ಬರೋಣ. ಬಹಳಷ್ಟು ಜಗಳ ಸದ್ದಿನ ಮಟ್ಟದಿಂದ ಹುಟ್ಟುತ್ತದೆ. ಒಂದು ಡೆಸಿಬಲ್ ಜೋರಿದ್ದರೂ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಆಯ್ಕೆ ಮಾಡಿ, ಎಲ್ಲ ಹಾಡಿಗೂ ಒಂದೇ ಅಂಕಿ ಕೊಡಿ. ಮೈನಸ್ 20 ಎಲ್‌ಯುಎಫ್‌ಎಸ್ (ಸದ್ದಿನ ಮಟ್ಟದ ಅಳತೆ) ಇಟ್ಟರೆ ಯಾವ ಹಾಡೂ ಒಡೆಯುವ ಭಯವಿಲ್ಲ. ಆಮೇಲೆ ಪೂರ್ತಿ ಹಾಡು ಹಾಕಬೇಡಿ. ಪ್ರತಿಯೊಂದರಿಂದ 30–40 ಸೆಕೆಂಡಿನ ತುಂಡು ಸಾಕು, ಅದೂ ದನಿ ಒಂಟಿಯಾಗಿ ಕೇಳುವ ಭಾಗ. ನಾಲ್ವರಲ್ಲಿ ಒಬ್ಬರು ಕಂಪ್ಯೂಟರ್ ಹತ್ತಿರ ಕೂತು ಹೆಸರು ಹೇಳದೆ ಹಾಕಲಿ, ಉಳಿದ ಮೂವರು ಬರೆದುಕೊಳ್ಳಲಿ. ಬರೆಯುವಾಗ ದನಿಗೆ ಬೇರೆ, ಹಾಡಿನ ರಚನೆಗೆ ಬೇರೆ, ವಾದ್ಯ ಸಂಯೋಜನೆಗೆ ಬೇರೆ ಅಂಕ. ಮೂರನ್ನೂ ಕಲಸಿ ಒಂದೇ ಅಂಕ ಕೊಟ್ಟರೆ ‘ಮೇಡ್ ಇನ್ ಅಮೆರಿಕ’ಕ್ಕೆ ಅನ್ಯಾಯವಾಗುತ್ತದೆ: ಅಲ್ಲಿ ದನಿಗೆ ಯಾವ ಊನವೂ ಇಲ್ಲ, ರಚನೆಗಳು ಸಪ್ಪೆ. ಫೋನಿನಲ್ಲಿ ಕೇಳುವ ನಿಮಗೆ ಒಂದು ಎಚ್ಚರಿಕೆ. ಜನಪ್ರಿಯ ಹಾಡುಗಳ ಸಂಕಲನಗಳನ್ನು ಈ ಹೋಲಿಕೆಗೆ ತರಬೇಡಿ. ರಿಚರ್ಡ್‌ಗೆ ಮತ್ತೆ ಮತ್ತೆ ಮಿಕ್ಸ್ ಮಾಡುವ ಚಾಳಿ. ಸಂಕಲನದಲ್ಲಿರುವುದು ಮೂಲ ಆಲ್ಬಂನ ಮಿಕ್ಸೇ ಎಂದು ಹೇಳಲಾಗದು. 1973ರ ಸಂಕಲನಕ್ಕಂತೂ ‘ಟಿಕೆಟ್ ಟು ರೈಡ್’ ಹಾಡನ್ನು ಕ್ಯಾರನ್ ಹೊಸದಾಗಿ ಹಾಡಿದ್ದಳು. ಆಲ್ಬಂ ಹೆಸರು ಹುಡುಕಿ, ಆಲ್ಬಂ ಒಳಗಿಂದಲೇ ಹಾಕಿ.

ಕೇಳುವ ಸರಣಿ ಹೀಗಿರಲಿ: 1976ರ ‘ಆರ್ಡಿನರಿ ಫೂಲ್’, 1978ರ ‘ವೇರ್ ಡು ಐ ಗೋ ಫ್ರಮ್ ಹಿಯರ್’, ‘ಲಿಟಲ್ ಗರ್ಲ್ ಬ್ಲೂ’, ‘ಲುಕ್ ಟು ಯುವರ್ ಡ್ರೀಮ್ಸ್’, 1979–80ರ ‘ಇಫ್ ಐ ಹ್ಯಾಡ್ ಯು’, 1980ರ ‘ದಿ ಅನ್‌ಇನ್ವೈಟೆಡ್ ಗೆಸ್ಟ್’, 1981ರ ‘ಟಚ್ ಮಿ’, ಕೊನೆಗೆ 1982ರ ‘ಯು ಆರ್ ಇನಫ್’, ‘ನೌ’. ನಾಲ್ಕು ಆಲ್ಬಂಗಳ ಹಾಡು ಇದರಲ್ಲಿ ಬೆರೆತಿವೆ, ಬೆರೆಯಬೇಕಾದದ್ದೇ. ಸಾಲಾಗಿ ಕೇಳಿದರೆ 1978ರ ಮೂರು ಹಾಡುಗಳಲ್ಲಿ ಆಕೆ ದನಿಯನ್ನು ಪೂರ್ತಿ ಬಿಟ್ಟು ಹಾಡಿದ್ದು, 1980–81ರಲ್ಲಿ ಮೇಲ್ಗಡೆ ಮೆದುವಾದದ್ದು, 1982ರಲ್ಲಿ ಮತ್ತೆ ಕೆಳಗಿಳಿದು ನೇರ ಹಾಡಿದ್ದು ಸ್ಪಷ್ಟವಾಗುತ್ತದೆ. ಏರಿಕೆಯ ಕಥೆಯೂ ಅಲ್ಲ, ಇಳಿಕೆಯದೂ ಅಲ್ಲ. ಹಾಡು ಆರಿಸಿದವರು ಮತ್ತು ಶ್ರುತಿ ಇಟ್ಟವರು ಬದಲಾದದ್ದರ ಕಥೆ.

ನನ್ನ ತೀರ್ಪು ಬೇಕೇ ಬೇಕೆಂದರೆ: ಬಿಡಿ ಹಾಡುಗಳಲ್ಲಿ ‘ವಾಯ್ಸ್ ಆಫ್ ದ ಹಾರ್ಟ್’ ಗೆಲ್ಲುತ್ತದೆ. ‘ಆರ್ಡಿನರಿ ಫೂಲ್’ ಹಾಡನ್ನು 1976ರಲ್ಲಿ ಹಾಡಿ ಏಳು ವರ್ಷ ಡಬ್ಬದಲ್ಲಿಟ್ಟಿದ್ದರಲ್ಲ, ಆ ತಾಳ್ಮೆಯೇ ಅರ್ಥವಾಗುವುದಿಲ್ಲ. ಸ್ಯಾಕ್ಸೊಫೋನ್ ಪಕ್ಕ ಕ್ಯಾರನ್ ಹೀಗೆ ನಿಂತ ಹಾಡು ಹೆಚ್ಚಿಲ್ಲ. ಮೊದಲಿನಿಂದ ಕೊನೆವರೆಗೆ ಒಂದೇ ಕೂತಿನಲ್ಲಿ ಕೇಳುವ ಆಲ್ಬಂ ಬೇಕೆಂದರೆ ‘ಲವ್‌ಲೈನ್ಸ್’, ಯಾಕೆಂದರೆ ಕಪಾಟಿನ ಸರಕನ್ನು ಆರಿಸಿ ಜೋಡಿಸಲು ರಿಚರ್ಡ್‌ಗೆ ಆರು ವರ್ಷ ಸಿಕ್ಕಿತ್ತು. 1983ರಲ್ಲಿ ಆತನಿಗೆ ಸಿಕ್ಕದ್ದು ಎಂಟು ತಿಂಗಳು, ಅದೂ ತಂಗಿಯನ್ನು ಮಣ್ಣು ಮಾಡಿ ಬಂದ ಎಂಟು ತಿಂಗಳು. ‘ಮೇಡ್ ಇನ್ ಅಮೆರಿಕ’ ಕೊನೆಯ ನಿಜವಾದ ಆಲ್ಬಂ ಎನ್ನುವವರ ಮಾತು ಕಾನೂನಿನ ಪ್ರಕಾರ ಸರಿ, ಜೋಡಿ ಒಟ್ಟಿಗೆ ಮುಗಿಸಿದ್ದು ಅದೇ. ಒಡಹುಟ್ಟಿದವರ ಜೋಡಿ ಎಂದರೆ ಏನು ಎಂದು ರಾಜನ್–ನಾಗೇಂದ್ರರ ಊರಿನವರಿಗೆ ಹೇಳಬೇಕೆ? ಒಬ್ಬರು ಇಲ್ಲದ ಮೇಲೆ ಹೆಸರು ಉಳಿದರೂ ಕೆಲಸ ಬೇರೆಯಾಗುತ್ತದೆ.

2001ರಲ್ಲಿ ಜಪಾನಿನಲ್ಲಿ ಬಂದ ‘ಆ್ಯಸ್ ಟೈಮ್ ಗೋಸ್ ಬೈ’ ಅನ್ನು ಈ ಪಂದ್ಯಕ್ಕೆ ಇಳಿಸಬೇಡಿ. ಅದು ಆಲ್ಬಂ ಅಲ್ಲ, ಅಜ್ಜಿಯ ಟ್ರಂಕು. ಕ್ಯಾರನ್‌ಗೆ 17 ತುಂಬಿದ ವರ್ಷ, 1967ರ ‘ನೋವೇರ್ ಮ್ಯಾನ್’ ಅದರಲ್ಲಿದೆ, 1980ರ ಟಿ.ವಿ. ಕಾರ್ಯಕ್ರಮದಲ್ಲಿ ಎಲಾ ಫಿಟ್ಸ್‌ಜೆರಾಲ್ಡ್ ಜೊತೆ ಹಾಡಿದ ಮಾಲಿಕೆಯೂ ಇದೆ. ಎರಡನ್ನೂ ಬೇರೆ ಬೇರೆ ದಿನ ಕೇಳಿ.

ಡಿಸೆಂಬರಿನಲ್ಲಿ ನಿಮ್ಮ ಸಭೆ ಕ್ರಿಸ್‌ಮಸ್ ಹಾಡುಗಳ ಕಡೆ ಹೊರಳಿದರೆ ಇದೇ ಗೊಂದಲ ಮತ್ತೆ ಎದುರಾಗುತ್ತದೆ. 1978ರ ‘ಕ್ರಿಸ್‌ಮಸ್ ಪೋರ್ಟ್ರೇಟ್’ ಕ್ಯಾರನ್ ಇದ್ದಾಗ ಬಂದದ್ದು. 1984ರ ‘ಆ್ಯನ್ ಓಲ್ಡ್ ಫ್ಯಾಷನ್ಡ್ ಕ್ರಿಸ್‌ಮಸ್’ ಉಳಿದ ಹಾಡುಗಳಿಗೆ ಹೊಸ ವೃಂದ, ಹೊಸ ವಾದ್ಯ ಸೇರಿಸಿ ಮಾಡಿದ್ದು. ‘ಕ್ರಿಸ್‌ಮಸ್ ಪೋರ್ಟ್ರೇಟ್’ ಎಂಬ ಹೆಸರಿನ ಸಿ.ಡಿ. ಕೈಗೆ ಬಂದರೆ ಮುಖಪುಟದಲ್ಲಿ ‘ಸ್ಪೆಷಲ್ ಎಡಿಷನ್’ ಎಂದಿದೆಯೇ ನೋಡಿ. ಇದ್ದರೆ ಅದರಲ್ಲಿ ಎರಡೂ ಆಲ್ಬಂಗಳ ಹಾಡು ಬೆರೆತಿವೆ. ಹೋಲಿಸಲು ಕೂರುವ ಮೊದಲು ಯಾವ ಹಾಡು ಯಾವ ವರ್ಷದ್ದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.